ಲ್ಯಾಕ್ರೋಸ್ ಕೋಲು, ಚೆಂಡು ಹಿಡಿದು ಗಣಿತ, ವಿಜ್ಞಾನ ಕಲಿಸುವುದು ಹೇಗೆ

ಉದ್ದನೆಯ ಕೋಲು, ಅದರ ತುದಿಯಲ್ಲಿ ಬಲೆಯ ಜೋಳಿಗೆ, ಆ ಜೋಳಿಗೆಯಲ್ಲಿ ಮುಷ್ಟಿಯಷ್ಟು ದೊಡ್ಡ ರಬ್ಬರ್ ಚೆಂಡು. ಚೆಂಡನ್ನು ಕೈಯಲ್ಲಿ ಮುಟ್ಟದೆ ಈ ಜೋಳಿಗೆಯಲ್ಲೇ ಹಿಡಿದು, ಹೊತ್ತು ಓಡಿ, ಎಸೆದು ಗೋಲು ಹೊಡೆಯುವ ಆಟ ಲ್ಯಾಕ್ರೋಸ್. ಉತ್ತರ ಅಮೆರಿಕದ ಪೂರ್ವ ಭಾಗದ ಮೂಲನಿವಾಸಿಗಳು ನೂರಾರು ವರ್ಷಗಳಿಂದ ಆಡಿಕೊಂಡು ಬಂದದ್ದು. ಆ ಮೂಲನಿವಾಸಿಗಳಲ್ಲಿ ಹೌಡೆನೊಶೋನಿ ಎಂಬ ಜನರಿಗೆ ಇದು ಸೃಷ್ಟಿಕರ್ತನ ಆಟ. ಈ ಹಿನ್ನೆಲೆಯನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ, ಆಗ ಅವರು ಕೋಲನ್ನು ಗೌರವದಿಂದ ಕೈಗೆ ತೆಗೆದುಕೊಳ್ಳುತ್ತಾರೆ. 1867ರಲ್ಲಿ ಕೆನಡಾದ ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ ನಿಯಮಗಳನ್ನು ಬರೆದಿಟ್ಟಾಗ ಮರದ, ಜಿಂಕೆ ಚರ್ಮದ ಚೆಂಡುಗಳ ಜಾಗಕ್ಕೆ ಗಟ್ಟಿ ರಬ್ಬರ್ ಚೆಂಡು ಬಂತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ತಂಡಕ್ಕೆ ಆರು ಮಂದಿಯ ‘ಸಿಕ್ಸಸ್’ ಮಾದರಿಯಲ್ಲಿ ಈ ಆಟ ಮರಳಿ ಬರಲಿದೆ.

ಪಾಠಕ್ಕೆ ಇದು ಒದಗುವುದಕ್ಕೆ ಕಾರಣವಿದೆ. ಚೆಂಡಿನ ತೂಕ, ಸುತ್ತಳತೆ, ಪುಟಿತ, ಗೋಲಿನ ಅಗಲ ಎಲ್ಲಕ್ಕೂ ನಿಯಮಗಳಲ್ಲಿ ಅಂಕಿಯಿದೆ. ಮಕ್ಕಳು ತಾವು ಅಳೆದದ್ದನ್ನು ಆ ಅಂಕಿಯ ಪಕ್ಕ ಇಟ್ಟು ನೋಡಬಹುದು. ಒಂದು ಕ್ರಮವನ್ನು ಮಾತ್ರ ಕೊನೆಯವರೆಗೂ ಬಿಡಬೇಡಿ: ಮೊದಲು ಊಹೆ, ಆಮೇಲೆ ಅಳತೆ, ಕೊನೆಗೆ ಸೂತ್ರ. ಊಹೆಯನ್ನು ಪೆನ್ನಿನಲ್ಲಿ ಬರೆಸಿ, ಪೆನ್ಸಿಲ್‌ನಲ್ಲಿ ಬೇಡ. ಪೆನ್ಸಿಲ್ ಇದ್ದರೆ ಉತ್ತರ ಬಂದಮೇಲೆ ಊಹೆಯನ್ನು ಅಳಿಸಿ ತಿದ್ದುತ್ತಾರೆ, ಕಲಿಯಬೇಕಾದದ್ದೇ ಅಲ್ಲಿ ಅಳಿಸಿಹೋಗುತ್ತದೆ.

ಬೇಕಾದ ಸಾಮಾನು

ಹತ್ತು ಹನ್ನೆರಡು ಮಕ್ಕಳಿಗೆ ನಾಲ್ಕು ಕೋಲು, ನಾಲ್ಕು ನಿಜವಾದ ಲ್ಯಾಕ್ರೋಸ್ ಚೆಂಡು, ಅಷ್ಟೇ ಸಂಖ್ಯೆಯ ಮೆತ್ತನೆಯ ಅಭ್ಯಾಸದ ಚೆಂಡು ಸಾಕು. ಜೊತೆಗೆ 5 ಮೀಟರ್ ಟೇಪು, ದಾರ, 1 ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ, ಬಣ್ಣದ ಟೇಪು, ಸ್ಲೋ ಮೋಷನ್ ಇರುವ ಒಂದು ಫೋನು. ಪ್ರತಿ ಚೆಂಡಿಗೂ ಮಾರ್ಕರ್‌ನಲ್ಲಿ ನಂಬರು ಬರೆಯಿರಿ. ಇಲ್ಲದಿದ್ದರೆ ಸೋಮವಾರ ಅಳೆದ ಚೆಂಡು ಗುರುವಾರ ಯಾವುದೆಂದು ಯಾರಿಗೂ ಗೊತ್ತಾಗದು.

ಸುರಕ್ಷತೆಯಲ್ಲಿ ರಾಜಿ ಇಲ್ಲ. ನಿಜವಾದ ಚೆಂಡು ಒಳಗೂ ರಬ್ಬರೇ, ಟೊಳ್ಳಲ್ಲ. ಅದನ್ನು ತೂಗಲು, ಮುಳುಗಿಸಲು, ನೆಲಕ್ಕೆ ಬೀಳಿಸಲು ಮಾತ್ರ ಬಳಸಿ. ಎಸೆಯುವ, ಹಿಡಿಯುವ ಎಲ್ಲ ಚಟುವಟಿಕೆಗೂ ಮೆತ್ತನೆಯ ಚೆಂಡು ಮತ್ತು ಕಣ್ಣಿನ ರಕ್ಷಣೆ ಇರಲೇಬೇಕು. ಟೆನಿಸ್ ಚೆಂಡಿನಲ್ಲಿ ಸುಧಾರಿಸಬಹುದು, ಆದರೆ ಅದು 60 ಗ್ರಾಂ ಕೂಡ ಇಲ್ಲ, ಬಲೆಯಲ್ಲಿ ತಳವೂರದೆ ಹಾರಿಬೀಳುತ್ತದೆ. ಕೋಲು ಬೀಸುವ ಮಗುವಿನ ಸುತ್ತ 3 ಮೀಟರ್ ಖಾಲಿ ಇರಲಿ, ಆ ವೃತ್ತವನ್ನು ದಾರ ಹಿಡಿದು ಮಕ್ಕಳೇ ಎಳೆಯಲಿ.

ಉಪ್ಪುನೀರಿನಲ್ಲಿ ಚೆಂಡು

ಮೊದಲ ಪಾಠ ಇದರಿಂದಲೇ ಶುರುವಾಗಲಿ, ಕೋಲು ಮುಟ್ಟುವುದೇ ಬೇಡ. ನಿಯಮದ ಪ್ರಕಾರ ಚೆಂಡಿನ ತೂಕ ಸುಮಾರು 142ರಿಂದ 149 ಗ್ರಾಂ, ಸುತ್ತಳತೆ 19.7ರಿಂದ 20.3 ಸೆಂ.ಮೀ. ಇದನ್ನು ಮೊದಲೇ ಹೇಳಬೇಡಿ. ಚೆಂಡನ್ನು ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿ: ನೀರಿಗೆ ಹಾಕಿದರೆ ಮುಳುಗುತ್ತದೋ, ತೇಲುತ್ತದೋ?

ದಾರ ಸುತ್ತಿ ಸುತ್ತಳತೆ ತೆಗೆಸಿ. 20 ಸೆಂ.ಮೀ. ಬಂತು ಎನ್ನೋಣ. ಪೈಯಿಂದ ಭಾಗಿಸಿದರೆ ವ್ಯಾಸ 6.37, ತ್ರಿಜ್ಯ 3.18 ಸೆಂ.ಮೀ. ಗೋಳದ ಸೂತ್ರಕ್ಕೆ ಹಾಕಿದರೆ ಗಾತ್ರ ಸುಮಾರು 135 ಘನ ಸೆಂ.ಮೀ. ತೂಕ 145 ಗ್ರಾಂ ಇದ್ದರೆ ಸಾಂದ್ರತೆ 145 ÷ 135, ಅಂದರೆ 1.07. ನೀರಿನದು 1. ಹಾಗಾಗಿ ಮುಳುಗುತ್ತದೆ, ಆದರೆ ಕಲ್ಲಿನ ಹಾಗಲ್ಲ, ನಿಧಾನವಾಗಿ ತಳ ಸೇರುತ್ತದೆ. ಆ ನಿಧಾನವನ್ನು ಮಕ್ಕಳು ಕಣ್ಣಾರೆ ನೋಡಲಿ.

ಈಗ ಅಗಲ ಬಾಯಿಯ ಪಾರದರ್ಶಕ ಪಾತ್ರೆಯಲ್ಲಿ 2 ಲೀಟರ್ ನೀರು ಹಾಕಿ ಚೆಂಡನ್ನು ಬಿಡಿ. 50 ಗ್ರಾಂ ಉಪ್ಪು ಹಾಕಿ, ಹರಳು ಪೂರ್ತಿ ಕರಗುವ ತನಕ ಕಲಕಿ, ನೀರು ನಿಲ್ಲಲು ಬಿಡಿ. ಮತ್ತೆ 50 ಗ್ರಾಂ. ಹೀಗೇ ಹಾಕುತ್ತ ಹೋದರೆ ಒಂದು ಹಂತದಲ್ಲಿ ಚೆಂಡು ತಳ ಬಿಟ್ಟು ಮೇಲೇಳುತ್ತದೆ. 1.07 ಸಾಂದ್ರತೆಯ ಚೆಂಡಾದರೆ ಲೀಟರಿಗೆ 110 ಗ್ರಾಂ ಉಪ್ಪಿನ ಆಸುಪಾಸಿನಲ್ಲಿ. ಪುಟ್ಟದಾಗಿದ್ದು ತೂಕ ಹೆಚ್ಚಿರುವ ಚೆಂಡಾದರೆ 200 ಗ್ರಾಂ ದಾಟಬಹುದು, ಆದ್ದರಿಂದ ಉಪ್ಪು ಧಾರಾಳವಾಗಿ ಇಟ್ಟುಕೊಳ್ಳಿ. ಮೇಲೆದ್ದ ಕ್ಷಣದಲ್ಲಿ ಆ ಉಪ್ಪುನೀರನ್ನು 100 ಮಿ.ಲೀ. ಅಳೆದು ತೂಗಿ. 107 ಗ್ರಾಂ ಬಂದರೆ ಅದರ ಸಾಂದ್ರತೆ 1.07. ದಾರ, ತಕ್ಕಡಿ, ಸೂತ್ರದಿಂದ ಬಂದ ಸಂಖ್ಯೆಯೇ ಉಪ್ಪುನೀರಿನಿಂದಲೂ ಬಂತು! ಎರಡು ದಾರಿ ಒಂದೇ ಊರಿಗೆ ಬಂದು ಸೇರಿದಾಗ ಮಕ್ಕಳ ಮುಖ ನೋಡಬೇಕು.

ಸೇರದೇ ಹೋದರೆ ಇನ್ನೂ ಒಳ್ಳೆಯ ಪಾಠ. ಹೆಚ್ಚಿನ ಸಲ ತಪ್ಪಿರುವುದು ದಾರದಲ್ಲಿ. ಚೆಂಡಿನ ನಟ್ಟನಡುವೆ ಸುತ್ತಬೇಕಾದ ದಾರ ಸ್ವಲ್ಪ ಪಕ್ಕಕ್ಕೆ ಜಾರಿ 19.4 ಸೆಂ.ಮೀ. ತೋರಿಸಿತು ಎನ್ನಿ. ಗಾತ್ರ 123ಕ್ಕೆ ಇಳಿಯುತ್ತದೆ, ಸಾಂದ್ರತೆ 1.18ಕ್ಕೆ ಏರುತ್ತದೆ. ಉದ್ದದಲ್ಲಿ ಶೇ 3ರಷ್ಟು ತಪ್ಪಿದ್ದು ಗಾತ್ರದಲ್ಲಿ ಶೇ 9 ಆಯಿತು, ಏಕೆಂದರೆ ಗಾತ್ರಕ್ಕೆ ಉದ್ದ ಮೂರು ಸಲ ಗುಣಿಸಿಕೊಳ್ಳುತ್ತದೆ. ಘನ ಅಂದರೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಲೆಕ್ಕ ಸಿಗುವುದು ಕಷ್ಟ. ಇನ್ನೊಂದು ತೊಡಕು ಗುಳ್ಳೆಗಳದು. ಚೆಂಡಿಗೆ ಅಂಟಿದ ಗಾಳಿಗುಳ್ಳೆ ಅದನ್ನು ಬೇಗ ತೇಲಿಸಿಬಿಡುತ್ತದೆ. ಪ್ರತಿ ಸಲ ಬೆರಳಿನಿಂದ ಒರೆಸಿ ಬಿಡಿ. ಮುಗಿದ ಮೇಲೆ ಚೆಂಡನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ.

ಪುಟಿತ

ಅಂತರರಾಷ್ಟ್ರೀಯ ಆಟದಲ್ಲಿ ಬಳಕೆಯಲ್ಲಿರುವ ಒಂದು ಅಳತೆ ಹೀಗಿದೆ: 1.8 ಮೀಟರ್ ಎತ್ತರದಿಂದ ಕಾಂಕ್ರೀಟಿನ ಮೇಲೆ ಬಿಟ್ಟ ಚೆಂಡು 1.1ರಿಂದ 1.3 ಮೀಟರ್‌ವರೆಗೆ ಪುಟಿಯಬೇಕು. ಗೋಡೆಗೆ ಟೇಪು ಅಂಟಿಸಿ, 1.8ರಲ್ಲಿ ಗೆರೆ ಎಳೆದು, ಒಬ್ಬರು ಬಿಡಲಿ, ಇನ್ನೊಬ್ಬರು ಫೋನನ್ನು 1.2 ಮೀಟರ್ ಎತ್ತರದಲ್ಲಿ ಅಡ್ಡ ಇಟ್ಟು ಚಿತ್ರೀಕರಿಸಲಿ. ಐದು ಸಲ ಬಿಟ್ಟು, ಐದು ಓದುಗಳನ್ನು ಏರಿಕೆ ಕ್ರಮದಲ್ಲಿ ಬರೆದು ನಡುವಿನದನ್ನು ತೆಗೆದುಕೊಳ್ಳಿ. ಮಧ್ಯಾಂಕ ಅಂದರೇನು, ಸರಾಸರಿ ಯಾಕೆ ಬೇಡ ಎಂಬುದು ಇಲ್ಲೇ ತಿಳಿಯುತ್ತದೆ, ಏಕೆಂದರೆ ಐದರಲ್ಲಿ ಒಂದನ್ನು ಯಾರಾದರೂ ಬಿಡುವ ಬದಲು ಕೆಳಕ್ಕೆ ತಳ್ಳಿಯೇ ಇರುತ್ತಾರೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಬಿಡುವಾಗ ಚೆಂಡಿನ ನೆತ್ತಿ 1.8ಕ್ಕೆ ಇರುತ್ತದೆ, ಪುಟಿದಾಗ ಚೆಂಡಿನ ತಳವನ್ನು ಓದುತ್ತಾರೆ. ಅಲ್ಲಿಗೆ 6 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದುಬಿಟ್ಟಿತು. ಎರಡು ಕಡೆಯೂ ತಳವನ್ನೇ ಅಳೆಯಿರಿ.

1.2 ಮೀಟರ್ ಬಂದರೆ ಅನುಪಾತ 120 : 180, ಅಂದರೆ ಮೂರರಲ್ಲಿ ಎರಡು ಪಾಲು. ಐದು, ಆರನೇ ತರಗತಿಗೆ ಇಷ್ಟು ಸಾಕು. ಮುಂದಿನ ಪುಟಿತ ಎಷ್ಟು ಎಂದು ಕೇಳಿ. 80 ಸೆಂ.ಮೀ., ಅದರ ಮುಂದಿನದು 53. ಹೇಳಿಸಿ, ಆಮೇಲೆ ಅಳೆಸಿ. ಎಂಟು, ಒಂಬತ್ತನೇ ತರಗತಿಯವರಿಗೆ ಮುಂದಿನ ಮೆಟ್ಟಿಲು: ಎತ್ತರ ಮೂರರಲ್ಲಿ ಎರಡಾದರೆ ಶಕ್ತಿಯೂ ಮೂರರಲ್ಲಿ ಎರಡು, ಉಳಿದದ್ದು ಹೆಚ್ಚಾಗಿ ಶಾಖವಾಗಿ, ಸ್ವಲ್ಪ ಸದ್ದಾಗಿ ಹೋಯಿತು. ವೇಗ ಮಾತ್ರ ಅದರ ವರ್ಗಮೂಲ, ಸುಮಾರು 0.82 ಪಾಲು. ನೆಲ ಮುಟ್ಟುವಾಗ ಸೆಕೆಂಡಿಗೆ 5.9 ಮೀಟರ್ ಇದ್ದದ್ದು ಬಿಟ್ಟೇಳುವಾಗ 4.8.

ತಂಪಾದ ಚೆಂಡು ಕಡಿಮೆ ಪುಟಿಯುತ್ತದೆ ಎಂದು ತೋರಿಸುವುದಾದರೆ ಅದನ್ನು ಫ್ರಿಜ್‌ನಲ್ಲಿ ಕನಿಷ್ಠ ಮೂರು ಗಂಟೆ ಇಡಿ. ಹತ್ತು ನಿಮಿಷ ಇಟ್ಟರೆ ಹೊರಮೈ ಮಾತ್ರ ತಣ್ಣಗಾಗಿ ಒಳಗೆ ಹಾಗೇ ಇರುತ್ತದೆ, ‘ಏನೂ ಬದಲಾಗಲಿಲ್ಲ’ ಎಂದು ಮಕ್ಕಳು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ರಬ್ಬರ್ ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ ಎಂಬುದೂ ಒಂದು ಪಾಠವೇ.

ಹಿಡಿಯುವಾಗ ಕೈ ಹಿಂದಕ್ಕೆ ಯಾಕೆ ಹೋಗಬೇಕು

ಬಂದ ಚೆಂಡಿಗೆ ಕೋಲನ್ನು ಗೋಡೆಯ ಹಾಗೆ ಒಡ್ಡಿದರೆ ಅದು ಪುಟಿದು ಹೊರಬೀಳುತ್ತದೆ. ಚೆಂಡು ಬಲೆಗೆ ತಾಗುವಾಗ ಕೋಲನ್ನು ಅದರ ಜೊತೆಗೇ ಹಿಂದಕ್ಕೆ ಒಯ್ಯಬೇಕು. ಕಾರಣ ಲೆಕ್ಕದಲ್ಲಿದೆ. 145 ಗ್ರಾಂ ಚೆಂಡು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಂದರೆ ಅದರ ಚಲನಶಕ್ತಿ ಸುಮಾರು 16.3 ಜೂಲ್. ಆ ಶಕ್ತಿಯನ್ನು ನಿಲ್ಲುವ ದೂರದಿಂದ ಭಾಗಿಸಿದರೆ ಸರಾಸರಿ ಬಲ. 5 ಸೆಂ.ಮೀ.ನಲ್ಲಿ ನಿಲ್ಲಿಸಿದರೆ 326 ನ್ಯೂಟನ್, 33 ಕೆ.ಜಿ. ಭಾರ ಹೇರಿದ ಹಾಗೆ. 50 ಸೆಂ.ಮೀ. ಹಿಂದಕ್ಕೆ ಒಯ್ದು ನಿಲ್ಲಿಸಿದರೆ ಅದರ ಹತ್ತನೇ ಒಂದು ಪಾಲು, ಮೂರೂಕಾಲು ಕೆ.ಜಿ. ಅಷ್ಟೇ.

ಕಣ್ಣಿಗೆ ಕಾಣಿಸಲು ನೀರಿನ ಬಲೂನು ಹಿಡಿಸಿ. ನೀರು ತುಂಬಲೆಂದೇ ಬರುವ ಸಣ್ಣ ಬಲೂನನ್ನು ತಕ್ಕಡಿಯ ಮೇಲಿಟ್ಟು 145 ಗ್ರಾಂ ಆಗುವ ತನಕ ತುಂಬಿಸಿ. ಹುಟ್ಟುಹಬ್ಬಕ್ಕೆ ಕಟ್ಟುವ ದೊಡ್ಡ ಬಲೂನು ಬೇಡ. ಅಷ್ಟು ನೀರಿಗೆ ಅದು ಬಿಗಿಯಾಗುವುದಿಲ್ಲ, ಹೇಗೆ ಹಿಡಿದರೂ ಒಡೆಯುವುದಿಲ್ಲ, ಪಾಠವೇ ಕೆಡುತ್ತದೆ. 3 ಮೀಟರ್‌ನಿಂದ ಶುರುಮಾಡಿ, ಹಿಡಿದ ಜೋಡಿ ಒಂದೊಂದು ಮೀಟರ್ ಹಿಂದೆ ಸರಿಯಲಿ. ಒಡೆದವರು ಎಷ್ಟು ದೂರದಲ್ಲಿದ್ದರು, ಅವರ ಕೋಲು ಎಷ್ಟು ಹಿಂದಕ್ಕೆ ಹೋಗಿತ್ತು ಎಂದು ಪಕ್ಕದಲ್ಲಿ ನಿಂತವರು ಬರೆದುಕೊಳ್ಳಲಿ.

ಕೋಲು ಒಂದು ಸನ್ನೆ (ಲಿವರ್)

ಎಸೆಯುವಾಗ ಕೋಲಿನ ಬುಡ ಹಿಡಿದ ಕೈ ಆನಿಕೆಯ ಹಾಗೆ, ಮೇಲಿನ ಕೈ ಬಲ ಕೊಡುತ್ತದೆ, ಚೆಂಡು ತುದಿಯಲ್ಲಿದೆ. ಬಲ ನಡುವೆ ಇರುವುದರಿಂದ ಇದು ಮೂರನೇ ವರ್ಗದ ಸನ್ನೆ. ಬಲ ಉಳಿಸಲು ಅಲ್ಲ, ವೇಗ ಗಳಿಸಲು ಇರುವಂಥದ್ದು.

ಬುಡದಿಂದ ಚೆಂಡಿಗೆ 95 ಸೆಂ.ಮೀ. ಇರುವ ಕೋಲಿಗೆ 30, 45, 60 ಸೆಂ.ಮೀ.ಗಳಲ್ಲಿ ಬಣ್ಣದ ಟೇಪು ಸುತ್ತಿ. ಮೇಲಿನ ಕೈ 30ರಲ್ಲಿದ್ದು 10 ಸೆಂ.ಮೀ. ಸರಿದರೆ ಚೆಂಡು ಸುಮಾರು 32 ಸೆಂ.ಮೀ. ಸರಿಯುತ್ತದೆ. ಕೈ 60ರಲ್ಲಿದ್ದರೆ 16 ಸೆಂ.ಮೀ. ಮಾತ್ರ. ಇದನ್ನು ಎಸೆಯುವ ಮೊದಲು ಕೋಲನ್ನು ನೆಲದ ಮೇಲೆ ಮಲಗಿಸಿ, ಬುಡವನ್ನು ಒತ್ತಿಹಿಡಿದು, ಟೇಪಿನಲ್ಲಿ ಅಳೆಸಿ. ಸಮರೂಪ ತ್ರಿಭುಜಗಳು ನೆಲದ ಮೇಲೆಯೇ ಬಿಡಿಸಿಕೊಳ್ಳುತ್ತವೆ.

ಆಮೇಲೆ ಪ್ರತಿ ಗುರುತಿನಿಂದ ಐದೈದು ಎಸೆತ, ಚೆಂಡು ಮೊದಲು ನೆಲ ಮುಟ್ಟಿದ ಜಾಗಕ್ಕೆ ಅಳತೆ. ಲೆಕ್ಕದ ಪ್ರಕಾರ 30ರ ಹಿಡಿತವೇ ಗೆಲ್ಲಬೇಕು. ಆದರೆ ಚಿಕ್ಕ ಮಕ್ಕಳಲ್ಲಿ 45 ಗೆದ್ದರೆ ಗಾಬರಿ ಬೇಡ. 30ರಲ್ಲಿ ಹಿಡಿದಾಗ ಕೈ ಮೂರು ಪಟ್ಟಿಗಿಂತ ಹೆಚ್ಚು ಬಲ ಕೊಡಬೇಕಾಗುತ್ತದೆ, ಆ ಬಲ ತೋಳಿನಲ್ಲಿ ಇಲ್ಲದಿದ್ದರೆ ಕೋಲು ನಿಧಾನವಾಗುತ್ತದೆ, ಗುರಿಯೂ ತಪ್ಪುತ್ತದೆ. ಸೂತ್ರ ತಪ್ಪಲಿಲ್ಲ. ಅದು ವೇಗದ ಅರ್ಧ ಕಥೆ ಹೇಳಿತ್ತು, ಬಲದ ಅರ್ಧವನ್ನು ಮಕ್ಕಳು ತೋಳಿನಲ್ಲಿ ಕಂಡುಕೊಂಡರು. ಹೊಸಬರು ಕೈಯನ್ನು ಬಲೆಯ ಹತ್ತಿರಕ್ಕೆ ಒಯ್ದು ಚೆಂಡನ್ನು ತಳ್ಳುವುದು ಯಾಕೆ, ಪಳಗಿದವರು ಕೆಳಗೆ ಹಿಡಿಯುವುದು ಯಾಕೆ ಎಂಬುದಕ್ಕೂ ಉತ್ತರ ಇದೇ.

ಬಲೆ ತೀರಾ ಆಳವಾಗಿದ್ದರೆ ಚೆಂಡು ತಡವಾಗಿ ಬಿಡುಗಡೆಯಾಗಿ ಕೆಳಮುಖವಾಗಿ ಹೋಗುತ್ತದೆ. ಎಲ್ಲ ಎಸೆತಗಳೂ ಕಾಲಬುಡದಲ್ಲೇ ಬೀಳುತ್ತಿದ್ದರೆ ಮಗುವನ್ನು ತಿದ್ದುವ ಮೊದಲು ಬಲೆಯ ದಾರಗಳನ್ನು ನೋಡಿ.

ತಲೆಕೆಳಗಾದರೂ ಬೀಳದ ಚೆಂಡು

ಓಡುವಾಗ ಆಟಗಾರರು ಕೋಲನ್ನು ತೊಟ್ಟಿಲು ತೂಗಿದಂತೆ ಆಡಿಸುತ್ತಲೇ ಇರುತ್ತಾರೆ. ಇದಕ್ಕೆ ಕ್ರೇಡ್ಲಿಂಗ್ ಎನ್ನುತ್ತಾರೆ. ಬಲೆ ಬಾಗಿದ ದಾರಿಯಲ್ಲಿ ಸಾಗುತ್ತದೆ, ಚೆಂಡು ಜಡತ್ವದಿಂದ ನೇರ ಹೋಗಲು ನೋಡುತ್ತದೆ, ಹಾಗಾಗಿ ಬಲೆಗೆ ಒತ್ತಿಕೊಂಡು ಕೂರುತ್ತದೆ. ಚೆಂಡನ್ನು ಹೊರಕ್ಕೆ ಎಳೆಯುವ ಬಲವೇನೂ ಇಲ್ಲ, ಬಲೆಯೇ ಅದನ್ನು ಕೇಂದ್ರದ ಕಡೆಗೆ ತಳ್ಳುತ್ತಿದೆ ಎಂಬುದನ್ನು ತಿದ್ದಿ ಹೇಳಿ. ಬಹಳ ಮಕ್ಕಳು ಎಡವುವುದು ಇಲ್ಲೇ.

ದೊಡ್ಡ ಮಕ್ಕಳಿಗೆ ಸವಾಲು: ತೋಳನ್ನೂ ಕೋಲನ್ನೂ ನೇರವಾಗಿ ಹಿಡಿದು ಮೆತ್ತನೆಯ ಚೆಂಡಿನೊಂದಿಗೆ ನಿಲುವಾದ ಪೂರ್ತಿ ವೃತ್ತ ಸುತ್ತಿಸಬೇಕು, ಬಲೆಯ ಬಾಯಿ ಸದಾ ಭುಜದ ಕಡೆಗೆ. ಚೆಂಡು ಬೀಳಬಾರದು. ಭುಜದಿಂದ ಚೆಂಡಿಗೆ 1.2 ಮೀಟರ್ ಇದ್ದರೆ ಒಂದು ಸುತ್ತಿಗೆ 2.2 ಸೆಕೆಂಡಿಗಿಂತ ಕಡಿಮೆ ಸಮಯ ತೆಗೆದುಕೊಳ್ಳಬೇಕು. 0.5 ಮೀಟರ್ ಆದರೆ 1.4 ಸೆಕೆಂಡ್. ಹತ್ತು ಸುತ್ತಿಗೆ ಎಷ್ಟಾಯಿತೆಂದು ಅಳೆದು ಹತ್ತರಿಂದ ಭಾಗಿಸಿ. ಒಂದೇ ಸುತ್ತನ್ನು ಅಳೆದರೆ ಗಡಿಯಾರದ ಗುಂಡಿ ಒತ್ತುವ ತಡವೇ ಉತ್ತರವನ್ನು ನುಂಗಿಬಿಡುತ್ತದೆ.

ಗೋಲು ಎಷ್ಟು ಅಗಲ ಕಾಣುತ್ತದೆ

ಗೋಲು ಚೌಕ, 6 ಅಡಿ ಅಗಲ, 6 ಅಡಿ ಎತ್ತರ, ಅಂದರೆ 1.83 ಮೀಟರ್. ಎರಡು ಗೂಟ ನೆಟ್ಟು, ನಡುವಿನ ಬಿಂದುವಿನಿಂದ 5 ಮೀಟರ್ ಹಗ್ಗದಲ್ಲಿ ಮುಂದೆ ಅರ್ಧವೃತ್ತ ಎಳೆಯಿರಿ. ಅದರ ಮೇಲೆ ನೇರ ಎದುರು, ಮತ್ತು ಅಲ್ಲಿಂದ 30, 45, 60, 75 ಡಿಗ್ರಿ ಪಕ್ಕಕ್ಕೆ ಗುರುತು ಮಾಡಿ. ಪ್ರತಿ ಗುರುತಿನಿಂದ ಎರಡೂ ಗೂಟಗಳಿಗೆ ದಾರ ಕಟ್ಟಿ, ದಾರಗಳ ನಡುವಿನ ಕೋನ ಅಳೆಯಿರಿ. ಜ್ಯಾಮಿತಿ ಡಬ್ಬಿಯ ಕೋನಮಾಪಕ ಸಾಲದು. ರಟ್ಟಿನಲ್ಲಿ 40 ಸೆಂ.ಮೀ. ತ್ರಿಜ್ಯದ ದೊಡ್ಡದೊಂದು ಮಾಡಿಕೊಳ್ಳಿ.

ನೇರ ಎದುರು 20.7 ಡಿಗ್ರಿ ಬರಬೇಕು. 30ರಲ್ಲಿ 18.2, 45ರಲ್ಲಿ 15, 60ರಲ್ಲಿ 10.7, 75ರಲ್ಲಿ 5.6. ಮಕ್ಕಳ ಊಹೆ ಸಾಮಾನ್ಯವಾಗಿ ಸಮಸಮವಾಗಿ ಇಳಿಯುತ್ತದೆ. ನಿಜದಲ್ಲಿ ಮೊದಲ 30 ಡಿಗ್ರಿಗೆ ಕಳೆದುಕೊಳ್ಳುವುದು ಎರಡೂವರೆ ಡಿಗ್ರಿ, ಮುಂದಿನ 30ಕ್ಕೆ ಏಳೂವರೆ. ಇದನ್ನು ನಕ್ಷೆಯಲ್ಲಿ ಬಿಡಿಸಿದರೆ ಕೊಸೈನ್ ರೇಖೆಯ ಆಕಾರ ಬರುತ್ತದೆ. ಪಕ್ಕದಿಂದ ನೋಡಿದಾಗ ಗೋಲು 1.83 × ಕೊಸೈನ್ ಅಷ್ಟೇ ಅಗಲವಾಗಿ ಕಾಣುತ್ತದೆ ಎಂಬುದು ಅದರ ಹಿಂದಿನ ಕಾರಣ.

ಈಗ ನೇರ ಎದುರು 10 ಮೀಟರ್ ದೂರದಿಂದ ಅಳೆಸಿ: 10.5 ಡಿಗ್ರಿ. ಅಂದರೆ 60 ಡಿಗ್ರಿ ಪಕ್ಕದಲ್ಲಿ 5 ಮೀಟರ್‌ಗೆ ನಿಂತವರಿಗೂ, ನೇರ ಎದುರು ಎರಡರಷ್ಟು ದೂರ ನಿಂತವರಿಗೂ ಗೋಲು ಹೆಚ್ಚುಕಡಿಮೆ ಒಂದೇ ಅಗಲ. ಹತ್ತಿರ ಹೋದಷ್ಟೂ ಒಳ್ಳೆಯದು ಎಂದು ವಾದಿಸುತ್ತಿದ್ದ ಮಕ್ಕಳು ಇಲ್ಲಿ ಮೌನವಾಗಿ ದಾರವನ್ನು ಮತ್ತೆ ಅಳೆಯತೊಡಗುತ್ತಾರೆ. ಅಳೆಯಲಿ, ಅವಸರ ಮಾಡಬೇಡಿ.

ಫೋನಿನಲ್ಲಿ ವೇಗ

5 ಮೀಟರ್ ಅಂತರದಲ್ಲಿ ಎರಡು ಗೂಟ ನೆಟ್ಟು, ಚೆಂಡು ಅವುಗಳನ್ನು ದಾಟುವುದನ್ನು ಸೆಕೆಂಡಿಗೆ 240 ಫ್ರೇಮ್ ವೇಗದಲ್ಲಿ ಚಿತ್ರೀಕರಿಸಿ. ನಡುವೆ 100 ಫ್ರೇಮ್ ಆದರೆ ಸಮಯ 100 ÷ 240, ವೇಗ ಸೆಕೆಂಡಿಗೆ 12 ಮೀಟರ್, ಗಂಟೆಗೆ 43 ಕಿ.ಮೀ. ಸಾಮಾನ್ಯ 30 ಫ್ರೇಮ್ ವಿಡಿಯೊದಲ್ಲಿ ಇದೇ ಚೆಂಡಿಗೆ ಹನ್ನೆರಡೋ ಹದಿಮೂರೋ ಫ್ರೇಮ್ ಸಿಗುತ್ತದೆ, ಒಂದು ತಪ್ಪಿದರೆ ಶೇ 8ರಷ್ಟು ತಪ್ಪು.

ಕೆಡುವುದು ಎರಡು ಕಡೆ. ಮೊದಲನೆಯದು, ಸ್ಲೋ ಮೋಷನ್ ಓಡುವಾಗ ತೆರೆಯ ಮೇಲೆ ಕಾಣುವ ಸಮಯ ಹಿಗ್ಗಿದ ಸಮಯ. ಅದನ್ನೇ ಬರೆದುಕೊಂಡರೆ ವೇಗ ಎಂಟನೇ ಒಂದಕ್ಕೆ ಇಳಿಯಬಹುದು, ಆದ್ದರಿಂದ ಫ್ರೇಮುಗಳನ್ನೇ ಎಣಿಸಿ. ಎರಡನೆಯದು, ಗುರುತುಗಳು ಚೆಂಡಿನ ದಾರಿಯಲ್ಲಿರದೆ ಹಿಂದಿನ ಗೋಡೆಯ ಮೇಲಿರುವುದು. ಕ್ಯಾಮೆರಾದಿಂದ ಚೆಂಡಿಗೆ 10 ಮೀಟರ್, ಗೋಡೆಗೆ 12 ಮೀಟರ್ ಇದ್ದರೆ ವೇಗ ಶೇ 20ರಷ್ಟು ಹೆಚ್ಚಾಗಿ ಬರುತ್ತದೆ. ಗುರುತುಗಳು ಚೆಂಡು ಹೋಗುವ ಗೆರೆಯಲ್ಲೇ ಇರಲಿ, ಕ್ಯಾಮೆರಾ ಎರಡರ ನಟ್ಟನಡುವೆ, ಆ ಗೆರೆಗೆ ಲಂಬವಾಗಿ.

ಎಣಿಕೆ ಮತ್ತು ಸಂಭವನೀಯತೆ

ಗೋಲನ್ನು ದಾರದಿಂದ ಒಂಬತ್ತು ಮನೆಗಳಾಗಿ ಭಾಗಿಸಿ, ಪ್ರತಿ ಹೊಡೆತ ಯಾವ ಮನೆಗೆ ಹೋಯಿತೆಂದು ಗೀಟು ಹಾಕಿಸಿ. 5ರಲ್ಲಿ 2 ಗೋಲು, 50ರಲ್ಲಿ 20 ಗೋಲು ಎರಡೂ ಶೇ 40. ಯಾವುದನ್ನು ನಂಬುತ್ತೀರಿ ಎಂದು ಕೇಳಿ, ಇನ್ನೊಂದೇ ಒಂದು ಹೊಡೆತ ಹೊಡೆಸಿ. ಅದು ಗೋಲಾದರೆ ಮೊದಲನೆಯದು ಶೇ 50ಕ್ಕೆ ಜಿಗಿಯುತ್ತದೆ, ಎರಡನೆಯದು ಶೇ 41ರ ಹತ್ತಿರ ನಿಲ್ಲುತ್ತದೆ. ಒಬ್ಬೊಬ್ಬರ ಹೆಸರಿನ ಪಟ್ಟಿಯನ್ನು ಗೋಡೆಗೆ ಹಾಕಬೇಡಿ. ಇಡೀ ಗುಂಪಿನ ಹೊಡೆತಗಳನ್ನು ಒಂದೇ ಹಾಳೆಯಲ್ಲಿ ಕೂಡಿಸಿದರೆ ಸಂಖ್ಯೆಯೂ ದೊಡ್ಡದಾಗುತ್ತದೆ, ಹಿಂದುಳಿದ ಮಗುವಿಗೆ ಮುಜುಗರವೂ ಇರುವುದಿಲ್ಲ.

ಒಂದು ದಿನಕ್ಕೆ ಒಂದೇ ಚಟುವಟಿಕೆ ಇಟ್ಟುಕೊಳ್ಳಿ: 10 ನಿಮಿಷ ಊಹೆ, 25 ನಿಮಿಷ ಅಳತೆ, 15 ನಿಮಿಷ ಲೆಕ್ಕ, ಉಳಿದ ಹೊತ್ತು ಆಟ. ಲೆಕ್ಕ ಮುಗಿಯದಿದ್ದರೆ ಮರುದಿನಕ್ಕೆ ಬಿಡಿ, ಆಟದ ಹೊತ್ತಿಗೆ ಕತ್ತರಿ ಹಾಕಬೇಡಿ. ಕೋಲು ಕೈಯಲ್ಲಿದ್ದಾಗ ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ, ಮುಂದಿನ ದಿನದ ಊಹೆಗೆ ಅಲ್ಲಿಂದಲೇ ಒಂದನ್ನು ಆರಿಸಬಹುದು.